ಮೂರನೇ ಲೆಕ್ಕ

ವಿಭೂತಿ ಬುಧವಾರ, ಬೆಳಿಗ್ಗೆ ಎಂಟೂ ಮುಕ್ಕಾಲು.
ಗೇಟಿನ ಬಳಿ ಸಿಸ್ಟರ್ ಲಿಡ್ವಿನ್.
ಹಣೆಯ ಮೇಲೆ ಒಂದು ಗೆರೆ ಉದ್ದ, ಒಂದು ಗೆರೆ ಅಡ್ಡ,
ಹೋದ ವರ್ಷದ ಗರಿಗಳನ್ನು ಸುಟ್ಟ ಬೂದಿ.
ನನ್ನ ಹಣೆಯಲ್ಲಿ ದಿನವೂ ಮೂರು, ಎಲ್ಲವೂ ಅಡ್ಡ.
'ವರ್ಷಕ್ಕೊಂದು ದಿನ ನಾನೂ ನಿಮ್ಮವಳು, ಮೇಷ್ಟ್ರೇ'
ಎಂದು ನಗುವವರು ಈ ಸಲ ನಗಲಿಲ್ಲ.

ನಿನ್ನೆಯದು ಮನಸ್ಸಲ್ಲಿತ್ತು, ಅವರಿಗೂ ನನಗೂ.
ಪ್ರಿಪರೇಟರಿ ಪರೀಕ್ಷೆ, ಹತ್ತನೇ ಬಿ, ಗಣಿತ.
ನಾಜ್ನೀನಳ ಹಾಳೆಯಲ್ಲಿ
ಉತ್ತರಗಳಿದ್ದವು, ಹಂತಗಳಿರಲಿಲ್ಲ,
ಬಾವಿಗೆ ಇಳಿಯದೆ ಕೊಡ ತುಂಬಿದ ಹಾಗೆ.
'ಯಾರದ್ದು ಕದ್ದೆ?'
ಹುಡುಗಿ ನೆಲ ನೋಡಿದಳು.
ಸಿಸ್ಟರ್ ಇಡೀ ಪುಟಕ್ಕೆ ಒಂದೇ ಕೆಂಪು ಗೆರೆ ಎಳೆದರು,
ಮೂಲೆಯಿಂದ ಮೂಲೆಗೆ.
ನಾನು ಕಾರಿಡಾರಿನಲ್ಲಿದ್ದೆ. ಕಂಡೆ. ಸುಮ್ಮನೆ ನಡೆದೆ.

ಆ ಮಗುವಿನ ಮನೆ ನನಗೆ ಗೊತ್ತಿತ್ತು.
ಮಂಡಕ್ಕಿ ಭಟ್ಟಿಯ ಓಣಿ,
ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹತ್ತುವ ಸಾಲು.
ಭತ್ತದ ಹೊಟ್ಟು ಉರಿಯುತ್ತದೆ, ಮರಳು ಕಾಯುತ್ತದೆ,
ಅಪ್ಪ ಜರಡಿ ಹಿಡಿದರೆ ಅವಳು ಎಣಿಸುತ್ತಾಳೆ:
ಇಷ್ಟು ಸೇರು ಅಕ್ಕಿಗೆ ಇಷ್ಟು ಚೀಲ, ಇಷ್ಟು ಕೂಲಿ,
ಹಳೇ ಬಾಕಿಗೆ ಮುರಿದದ್ದು ಇಷ್ಟು.
ಪೆನ್ಸಿಲ್ ಎಲ್ಲಿಡುವುದು ಆ ಹೊಗೆಯಲ್ಲಿ?
ಲೆಕ್ಕ ತುಟಿಯಲ್ಲೇ ಹುಟ್ಟಿ ತುಟಿಯಲ್ಲೇ ತೀರುತ್ತದೆ.
ಇದನ್ನು ಸಿಸ್ಟರಿಗೆ ಹೇಳಬಹುದಿತ್ತು ನಾನು.

ರಾತ್ರಿ ಮಲಗುವ ಮುಂಚೆ ಕನ್ಯಾಮಠದಲ್ಲಿ
ದಿನವನ್ನು ಮತ್ತೊಮ್ಮೆ ಬಿಚ್ಚಿ ನೋಡುತ್ತಾರಂತೆ,
ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ.
ಆತ್ಮಶೋಧನೆ ಅನ್ನುತ್ತಾರೆ. ಹದಿನೈದು ನಿಮಿಷ.
ಮೊದಮೊದಲು ನನಗಿದು ತಮಾಷೆ:
ದೇವರಿಗೂ ಪಾಠಯೋಜನೆ ಒಪ್ಪಿಸಬೇಕೇ?
ಆಮೇಲೆ ಕಂಡೆ, ಹನ್ನೊಂದು ವರ್ಷದಲ್ಲಿ,
ಬೋರ್ಡಿನ ಮೇಲೆ ತಪ್ಪಾದರೆ ಸಿಸ್ಟರ್ ಲಿಡ್ವಿನ್
ಅಂಗೈಯಲ್ಲಿ ಉಜ್ಜಿ ಅಡಗಿಸುವುದಿಲ್ಲ.
ಪಕ್ಕಕ್ಕೆ ಸರಿದು ನಿಂತು
'ಎಲ್ಲಿ ಎಡವಿದೆ, ಹೇಳಿ' ಅನ್ನುತ್ತಾರೆ.
ಆ ತರಗತಿಯ ಮಕ್ಕಳ ರಬ್ಬರು ಬೇಗ ಸವೆಯುವುದಿಲ್ಲ.

ಒಂಬತ್ತಕ್ಕೆ ಗೇಟು ಮುಚ್ಚಿತು. ಒಂಬತ್ತೂ ಐದಕ್ಕೆ
ಓಡಿ ಬಂದಳು ನಾಜ್ನೀನ್,
ಜಡೆಯಲ್ಲಿ ಹೊಟ್ಟಿನ ಬೂದಿ, ರೆಪ್ಪೆಯ ಮೇಲೂ.
ಸಿಸ್ಟರ್ ತಾವೇ ಚಿಲಕ ತೆಗೆದರು.
ಒಬ್ಬರ ಬೂದಿ ಒಬ್ಬರು ನೋಡಿದರು.
'ಬಾ' ಎಂದರು, ಅಷ್ಟೇ.

ಪ್ರಾರ್ಥನೆ ಮುಗಿದು, ಪತ್ರಿಕೆಯ ಸುದ್ದಿ ಓದಿ ಮುಗಿದು,
ಸಾಲು ಚದುರುವ ಮೊದಲು ಮೈಕು ಕಿರುಗುಟ್ಟಿತು:
'ನಿನ್ನೆ ಹತ್ತನೇ ಬಿಯಲ್ಲಿ ಒಬ್ಬಳನ್ನು
ವಿಚಾರಿಸದೆ ಕಳ್ಳಿ ಮಾಡಿದೆ. ಎಲ್ಲರ ಎದುರು ಮಾಡಿದೆ,
ಅದಕ್ಕೇ ಎಲ್ಲರ ಎದುರು ಹೇಳುತ್ತಿದ್ದೇನೆ. ತಪ್ಪು ನನ್ನದು.'
ಮಂಗಳೂರು ಕಡೆಯ ಆ ಕನ್ನಡ, ಅಕ್ಷರಕ್ಷರ ಇಸ್ತ್ರಿ ಮಾಡಿದ್ದು,
ಇವತ್ತು ಎರಡು ಕಡೆ ಸುಕ್ಕಾಯಿತು.
ಏಳುನೂರು ಮಕ್ಕಳು. ಟ್ಯಾಂಕಿನ ಮೇಲೊಂದು ಕಾಗೆ.
ಆಚೆ ರಸ್ತೆಯಲ್ಲಿ ಹರಿಹರದ ಬಸ್ಸಿನ ಹಾರ್ನು.

ಆಗ ಬಿ ಸಾಲಿನ ಕೊನೆಯಿಂದ ಸಣ್ಣ ದನಿ:
'ಸಿಸ್ಟರ್, ಮೂರನೇದು ನೋಡ್ಕಂಡೇ ಬರ್ದಿದ್ದು ರೀ.
ಬಾಕಿವೆಲ್ಲ ನಂದೇ. ಮೂರನೇದು ಮಾತ್ರ...'

ಯಾರೋ ನಕ್ಕರು. ಯಾರೂ ಮುಂದುವರಿಸಲಿಲ್ಲ.
ಸಿಸ್ಟರ್ ಹಣೆ ಮುಟ್ಟಿಕೊಂಡರು, ಬೂದಿ ಬೆರಳಿಗೆ ಹತ್ತಿತು.
'ಹಾಗಾದರೆ ಮೂರನೇದಕ್ಕೆ ಸೊನ್ನೆ' ಎಂದರು.
'ಉಳಿದವಕ್ಕೆ ಹಂತ ನೀನು ಹೇಳು, ನಾನು ಬರೆದುಕೊಳ್ಳುತ್ತೇನೆ.'
ಸೊನ್ನೆಯನ್ನು ಅಷ್ಟು ಮರ್ಯಾದೆಯಿಂದ
ಯಾರೂ ಕೊಟ್ಟದ್ದು ನಾನು ಕಂಡಿರಲಿಲ್ಲ.

ಮೊದಲ ಪೀರಿಯಡ್ ನನ್ನದು. ಪ್ರಯೋಗಾಲಯ.
ಬೀಗ ತೆಗೆದರೆ ಬೀಕರುಗಳ ಮೇಲೆ ಎರಡು ವರ್ಷದ ಧೂಳು.
ಮೇಜಿನ ಮೇಲೆ ನನ್ನ ರಿಜಿಸ್ಟರು:
ಆಮ್ಲ, ಪ್ರತ್ಯಾಮ್ಲ: ಮಾಡಿಸಲಾಗಿದೆ. ಸಹಿ.
ಮಸೂರದ ಸಂಗಮದೂರ: ಮಾಡಿಸಲಾಗಿದೆ. ಸಹಿ.
ಗುಂಡು ಗುಂಡಾದ ನನ್ನದೇ ಅಕ್ಷರ.
ನಾನು ಅವರ ಮತದವನಲ್ಲ. ನನಗೆ ಪಾಪನಿವೇದನೆಯ ಗೂಡಿಲ್ಲ,
ತಡಿಕೆಯ ಆಚೆ ಕಿವಿಯಿಟ್ಟು ಕೂತವರಿಲ್ಲ.
ಬೆಂಚಿನ ಮೇಲೆ ನಲವತ್ತೆರಡು ಮಕ್ಕಳಿದ್ದಾರೆ, ಕಾಯುತ್ತ.

ಒಂದು ಬೀಕರು ತೊಳೆದು ತಂದೆ.
'ನಾಜ್ನೀನ್, ನಾಳೆ ಭಟ್ಟಿಯ ಬೂದಿ ಒಂದು ಹಿಡಿ ತಾ,
ನೀರಲ್ಲಿ ಕಲಸಿ ಲಿಟ್ಮಸ್ ಅದ್ದಿ ನೋಡೋಣ.'
'ತರ್ತೀನ್ರಿ ಸರ್.'
ರಿಜಿಸ್ಟರು ಮುಚ್ಚಿಟ್ಟೆ.
ಅದರ ಬಗ್ಗೆ ಇನ್ನೂ ಬಾಯಿ ಬಿಟ್ಟಿಲ್ಲ.