ಶನಿ ಬಂದದ್ದು

ಶಿಡ್ಲಘಟ್ಟದ ಗೂಡು ಮಾರ್ಕೆಟ್ಟಿನ ಹಿಂದೆ
ನಮ್ಮಪ್ಪನದು ಮೋಟರು ಸುತ್ತುವ ಅಂಗಡಿ.
ಊರೆಲ್ಲ ರೇಷ್ಮೆ ಸುತ್ತುತ್ತಿದ್ದರೆ
ನಾವು ತಾಮ್ರ ಸುತ್ತುತ್ತಿದ್ದೆವು.
ಅಲ್ಲೂ ಎಳೆ, ಇಲ್ಲೂ ಎಳೆ;
ಎಣಿಕೆ ತಪ್ಪಿದರೆ ಮತ್ತೆ ಮೊದಲಿಂದ.

ಇನಾಯತುಲ್ಲಾ ಅದನ್ನು ತಂದದ್ದು
ಯಾವುದೋ ಕ್ಲಬ್ಬಿನ ಹರಾಜಿನಿಂದ,
ಲಾರಿಯಲ್ಲಿ, ಹೊಟ್ಟಿನ ಮೂಟೆಗಳ ನಡುವೆ,
ಕಾಲು ಕಳಚಿದ ಮಂಚದ ಹಾಗೆ.
"ಇಟಲಿ ಮಾಲು" ಎಂದ. "ನನ್ನ ರೀಲಿಂಗ್ ಮಿಷನ್ನೂ ಇಟಲಿದೇ.
ಅದರ ತಂಗಿ ಇರಬೇಕು."

ಗಾಜಿನ ಮೇಲೆ ಬೆಳ್ಳಿ ಅಂಗಿಯ ಹೆಂಗಸು,
ಕೈಯಲ್ಲಿ ಹೇರ್ ಡ್ರೈಯರಿನಂಥ ಪಿಸ್ತೂಲು,
ಹಿಂದೆ ಶನಿ, ಉಂಗುರ ಸಮೇತ.
ಅಂಗಡಿಯೊಳಕ್ಕೇ ಬಂತಲ್ಲ ಎಂದು ಅಪ್ಪ
ಬಾಗಿಲಿಗೆ ನಿಂಬೆಹಣ್ಣು ಕಟ್ಟಿದ;
ಆಮೇಲೆ ಸ್ಕ್ರೂಡ್ರೈವರ್ ಎತ್ತಿಕೊಂಡ.

ಮುಚ್ಚಳ ತೆಗೆದರೆ ಒಳಗೆ ಆಕಾಶವೇ ಇರಲಿಲ್ಲ.
ಜಿರಳೆ ಮೊಟ್ಟೆ, ಬಟ್ಟೆ ಸುತ್ತಿದ ವೈರು,
ಸುಟ್ಟು ಕರಕಾದ ಕಾಯಿಲು ಹದಿನೇಳು.
ಹದಿನೇಳನ್ನೂ ನಾನೇ ಸುತ್ತಿದೆ,
ಎಸ್ಸೆಸ್ಸೆಲ್ಸಿ ಫೇಲಾದ ಬೇಸಿಗೆಯಲ್ಲಿ,
ಎಂಟುನೂರ ಹತ್ತು, ಎಂಟುನೂರ ಹನ್ನೊಂದು,
ಯಾರು ಕರೆದರೂ ಓಗೊಡುವ ಹಾಗಿಲ್ಲ.

ಅದು ಕೇಳುತ್ತಿದ್ದ ಕಾಸು ನಮ್ಮ ದೇಶದ್ದಲ್ಲ.
ನಾಲ್ಕಾಣೆ ಜಾರಿ ಬಿತ್ತು, ರೂಪಾಯಿ ಹಿಡಿಯಲಿಲ್ಲ.
ಪಂಪ್‌ಸೆಟ್ಟಿನ ವಾಷರೊಂದನ್ನು ಅರದಲ್ಲಿ ಉಜ್ಜಿ ಉಜ್ಜಿ
ಹಾಕಿದೆವು.
ನುಂಗಿತು.

ಗಂಟೆ ಹೊಡೆದುಕೊಂಡಿತು. ಗ್ರಹಗಳಿಗೆ ಬಣ್ಣ ಬಂತು.
ಉಕ್ಕಿನ ಗುಂಡು ಮೇಲಕ್ಕೆ ಹೋಗಿ, ಮನಸ್ಸು ಬದಲಿಸಿ,
ಕೆಳಗೆ ಬಂದಾಗಲೆಲ್ಲ ಎರಡು ಬೆರಳಲ್ಲಿ ಒದ್ದೆ.
ನಾನು ಸುತ್ತಿದ ಕಾಯಿಲುಗಳು ಒದೆಯುತ್ತಿದ್ದವು,
ಸದ್ದಿನಲ್ಲೇ ಗೊತ್ತಾಗುತ್ತಿತ್ತು ಯಾವುದು ಸೋಮವಾರದ್ದು,
ಯಾವುದು ಅತ್ತುಕೊಂಡು ಸುತ್ತಿದ್ದು.
ಗೂಡು ತಂದ ಚೀಮಂಗಲದವರು ಚೀಲ ಇಳಿಸುವುದ ಮರೆತರು.
ಇನಾಯತುಲ್ಲಾ ಖುಷಿಗೆ ಒಂದು ಗುದ್ದು ಗುದ್ದಿದ.
ಎಲ್ಲ ಆರಿ, ಒಂದೇ ಒಂದು ಮಾತು ಹತ್ತಿಕೊಂಡಿತು: ಟಿಲ್ಟ್.
"ಏನಂತೆ?"
"ಮುನಿಸಂತೆ" ಎಂದ ಅಪ್ಪ.

ಎರಡನೇ ವಾಷರಿನ ಆಟದ ನಡುವೆ ಕರೆಂಟು ಹೋಯಿತು.
ಕತ್ತಲಲ್ಲಿ ಗುಂಡು ಉರುಳುವುದು ಕೇಳಿಸಿತು,
ಸತ್ತ ರೆಕ್ಕೆಗಳ ನಡುವೆ, ತನ್ನ ಪಾಡಿಗೆ,
ಆಮೇಲೆ ತೂತಿನಲ್ಲಿ ಠಣ್.
ಕಡ್ಡಿ ಗೀರಿದರೆ
ಅಂಕೆಯ ಗಾಲಿಗಳು ಮಾತ್ರ ನಿಂತಲ್ಲೇ ನಿಂತಿದ್ದವು:
ನಾಲ್ಕು ಸಾವಿರದ ಮುನ್ನೂರ ಎಪ್ಪತ್ತು.
ನನಗೆ ಯಾರಾದರೂ ಕೊಟ್ಟ ಅಂಕಗಳಲ್ಲಿ
ಅದಕ್ಕಿಂತ ದೊಡ್ಡದಿಲ್ಲ.

ತಾಮ್ರದ ರೇಟು ಏರಿದ ವರ್ಷ ಬಿಚ್ಚಿದರು.
ಹದಿನೇಳೂ ಸೇರಿ ತಕ್ಕಡಿಯಲ್ಲಿ ಒಂದೂಮುಕ್ಕಾಲು ಕೇಜಿ.
ಗಾಜನ್ನು ಮಾತ್ರ ಇನಾಯತುಲ್ಲಾ ಕೊಡಲಿಲ್ಲ,
ರೀಲಿಂಗ್ ಷೆಡ್ಡಿನ ಪಡುವಣ ಕಿಟಕಿಗೆ ಕೂರಿಸಿದ.

ಈಗ ಅಂಗಡಿ ನನ್ನದು.
ಸಂಜೆ ನಾಲ್ಕರ ಮೇಲೆ ಅಲ್ಲಿ ಮೋಟರು ನೋಡಲು ಹೋದರೆ
ಬೇಸಿನ್ನಿನ ಬಿಸಿನೀರಲ್ಲಿ ಗೂಡುಗಳು ತಿರುಗುತ್ತಿರುತ್ತವೆ,
ಹಬೆಯ ಮೇಲೆ ಉಂಗುರ ಬಿದ್ದಿರುತ್ತದೆ.
ಮೆಹರುನ್ನೀಸಾ ನೀಲಿ ಕೈಯಲ್ಲಿ
ಒಂದು ಎಳೆ ಹುಡುಕಿ ಎತ್ತುತ್ತಾಳೆ.
ಅದು ಬರುತ್ತಲೇ ಇರುತ್ತದೆ, ಬರುತ್ತಲೇ.
ನಾನು ಎಣಿಸುವುದಿಲ್ಲ.