ಗೆರೆಯ ಹೊರಗೆ

ಅಮಲೋರ್ಪವಂ ಮಿಸ್ ನಮ್ಮನ್ನು ಹೆಸರು ಹಿಡಿದು ಕರೆದದ್ದಿಲ್ಲ.
"ಏ ಎಡಮೂಲೆ, ಮಂಡಿ ಬಗ್ಸು."
"ಬಲಗಡೆ ಕವರ್ರು, ಮುಖ ನೋಡ್ಬೇಡ,
ಮುಖ ಸುಳ್ಳು ಹೇಳ್ತದೆ. ಸೊಂಟ ನೋಡು."
ನಾಲ್ಕು ವರ್ಷ ನಾನು ಎಡಮೂಲೆ.
ಮುನಿಲಕ್ಷ್ಮಿ ಇದ್ದದ್ದು ಹಾಜರಿ ಪುಸ್ತಕದಲ್ಲಿ ಮಾತ್ರ.

ಅದು ಮೊದಲು ಅವರ ಮೂಲೆ.
ರೈಲ್ವೆ ತಂಡದಲ್ಲಿ ಒಂಬತ್ತು ವರ್ಷ.
ಯಾವೂರಿನ ಮಣ್ಣು ಹೇಗೆ ಕಚ್ಚುತ್ತದೆಂದು
ಮೊಣಕೈ ಮಡಚಿ ತೋರಿಸುತ್ತಿದ್ದರು:
ಇದು ಖರಗ್‌ಪುರ, ಇದು ಹುಬ್ಬಳ್ಳಿ.
ಹಿಡಿದ ಕಾಲುಗಳ ಲೆಕ್ಕ ಇಟ್ಟಿರಲಿಲ್ಲ.
ಜಾರಿಹೋದವು ಹನ್ನೊಂದು, ಅವು ನೆನಪಿದ್ದವು.

ಪೆರಂಬೂರಿನಲ್ಲಿ ಬಲಮಂಡಿ ಆಚೆ ತಿರುಗಿತು,
ಪೂರ್ತಿ ಈಚೆ ಬರಲೇ ಇಲ್ಲ.
ಆಮೇಲೆ ಮಾರಿಕುಪ್ಪಂ ಸ್ಟೇಷನ್ನಿನ ಟಿಕೆಟ್ ಕಿಟಕಿ,
ಸಂಜೆ ಐದಕ್ಕೆ ಸೈನೈಡ್ ದಿಬ್ಬದ ಕೆಳಗೆ
ಕೊರಳಲ್ಲಿ ಸೀಟಿ, ಎದುರಿಗೆ ನಾವು.

ಗಾಳಿ ಎದ್ದರೆ ದಿಬ್ಬವೇ ಬಂದು ಅಂಕಣದಲ್ಲಿ ಕೂರುತ್ತಿತ್ತು.
ಸುಣ್ಣ ಯಾವುದು, ಧೂಳು ಯಾವುದು?
ಮಿಸ್ ಕುಂಟುಗಾಲನ್ನು ಎಳೆದುಕೊಂಡು ಸುತ್ತ ನಡೆಯುವರು,
ಅದೇ ನಮಗೆ ಗೆರೆ.

ಉಸಿರು ಕಲಿಸುವಾಗ ಮಾತ್ರ ದನಿ ಇಳಿಯುತ್ತಿತ್ತು.
ಅವರಪ್ಪ ಚಾಂಪಿಯನ್ ರೀಫ್ಸ್‌ನಲ್ಲಿ ಇಪ್ಪತ್ತಾರು ವರ್ಷ ಇಳಿದವರು;
ಕೊನೆಗೆ ಲೋಟದ ಕಾಫಿ ಊದಿ ಆರಿಸುವಷ್ಟೂ
ಎದೆಯಲ್ಲಿ ಉಳಿದಿರಲಿಲ್ಲವಂತೆ.
"ಸಾಲದು ಅನ್ನಿಸಿದ್ರೆ ಅರ್ಧಕ್ಕೇ ವಾಪಸ್ ಬಾ.
ಪಾಯಿಂಟು ಹಾಳಾಗಿ ಹೋಗ್ಲಿ."

ಮೊದಲ ವರ್ಷದ ಫೈನಲ್, ಮುಳಬಾಗಿಲು.
ಇಪ್ಪತ್ತೆರಡು, ಇಪ್ಪತ್ತೆರಡು. ಕೊನೆಯ ರೈಡು.
ಚಿಂತಾಮಣಿಯ ಉದ್ದನೆ ಹುಡುಗಿ ನನ್ನ ಮೂಲೆಗೆ ಕಾಲು ಚಾಚಿದಳು.
ನಾನು ಬಗ್ಗುವ ಮೊದಲೇ
ನನ್ನ ಬೆನ್ನ ಹಿಂದಿನಿಂದ ಬಂತು
ಗಡಿಯಾರ ಕಟ್ಟಿದ ಒಂದು ಕೈ,
ಹಿಮ್ಮಡಿ ಹಿಡಿಯಿತು.
ಅಷ್ಟು ಚೆಂದದ ಹಿಡಿತ
ಆ ಮೂರು ದಿನದಲ್ಲಿ ಯಾರೂ ಹಿಡಿದಿರಲಿಲ್ಲ.

ಸೀಟಿ ಊದಿದರು. ಅವರಿಗೆ ಒಂದು ಪಾಯಿಂಟು.
ಜನ ನಕ್ಕರು, ಅಂಪೈರೂ ನಕ್ಕ.
ಮಿಸ್ ಇನ್ನೂ ಬಿಟ್ಟಿರಲಿಲ್ಲ;
ಆ ಹುಡುಗಿಯೇ ಮೆಲ್ಲಗೆ ಬೆರಳು ಬಿಡಿಸಿಕೊಂಡಳು.

ಬಸ್ಸಿನಲ್ಲಿ ಬೇತಮಂಗಲ ದಾಟುವವರೆಗೆ ಮಾತಿಲ್ಲ.
ಆಮೇಲೆ, ಕಿಟಕಿಗೆ ಹೇಳಿದ ಹಾಗೆ:
"ಸಿಕ್ತು ಕಣ್ರೇ, ಹನ್ನೆರಡನೇದು ಆಗಿರೋದು."

ಮುಂದಿನ ಮ್ಯಾಚಿಗೆ ಪ್ಲಾಸ್ಟಿಕ್ ಕುರ್ಚಿ ತಂದರು.
ದುಪಟ್ಟಾ ಬಿಚ್ಚಿ ಎಡಗಾಲನ್ನು
ಕುರ್ಚಿಯ ಕಾಲಿಗೆ ಬಿಗಿದು ಕೂತರು, ಎರಡು ಗಂಟು.
ವರ್ಷಗಳು ಹಾಗೇ ಕೂತರು, ಗೆದ್ದಾಗಲೂ.

ಒಮ್ಮೆ ಕೇಳಿದೆ, ಒಂದೇ ಕಾಲು ಯಾಕೆ ಮಿಸ್?
"ಬಲದ್ದಕ್ಕೆ ಬುದ್ಧಿ ಬಂದಿದೆ" ಅಂದರು.
ಅನ್ನುವಷ್ಟರಲ್ಲಿ
ಕುರ್ಚಿ ಸಮೇತ ಎರಡಡಿ ಮುಂದೆ ಬಂದಿದ್ದರು.