ಇದೆಯೆಂದು ವರದಿ

ಬಿದ್ದದ್ದು ಬೈತಖೋಲದ ಧಕ್ಕೆಯಲ್ಲಿ, ಪಾಚಿಗಟ್ಟಿದ ಮೆಟ್ಟಿಲು ಜಾರಿ.
ಪಕ್ಕೆಲುಬು ನೋಡಲು ಸ್ಕ್ಯಾನ್ ತೆಗೆದವರಿಗೆ
ಕಂಡದ್ದು ಬೇರೆ:
ಬಲ ಶ್ವಾಸಕೋಶ, ಮೇಲಿನ ಹಾಲೆ, ಏಳು ಮಿಲಿಮೀಟರ್.
ಪಕ್ಕೆಲುಬಿಗೆ ಏನೂ ಆಗಿರಲಿಲ್ಲ.

"ಗಂಟು ಅನ್ನಬೇಡಿ, ಚುಕ್ಕೆ ಅನ್ನಿ" ಅಂದಳು ಹೀರಾ,
ಡಾಕ್ಟರಿಗೇ.
ಅವರು ನಕ್ಕರು. "ಸರಿ, ಚುಕ್ಕೆ. ಸದ್ಯಕ್ಕೆ ಮುಟ್ಟುವುದಿಲ್ಲ.
ಆರು ತಿಂಗಳು ಬಿಟ್ಟು ನೋಡೋಣ,
ಆಮೇಲೆ ಒಂದೂವರೆ ವರ್ಷ ಬಿಟ್ಟು."

ನೋಡೋಣ ಎಂಬ ಈ ಮಾತು
ಮೂವತ್ತೊಂದು ವರ್ಷ ನಾನೇ ಆಡಿದ್ದು.
ಬಂದರಿನ ಲಾಂಚಿನಿಂದ ಸೀಸದ ಗುಂಡು ಇಳಿಬಿಟ್ಟು
ಹಗ್ಗದ ಗಂಟು ಎಣಿಸಿ
ಭರತದ ಲೆಕ್ಕ ಕಳೆದು
ಪುಸ್ತಕದಲ್ಲಿ ಬರೆದವನು:
ಎಂಟು ಪಾಯಿಂಟ್ ಎರಡು. ಎಂಟು ಪಾಯಿಂಟ್ ಒಂದು.
ಒಂದು ಮಳೆಗಾಲಕ್ಕೆ ಕಾಳಿ ತರುವ ಹೂಳೆಷ್ಟು
ಎಂದು ಕೇಳಿದವರಿಗೆಲ್ಲ
ಒಂದು ಸಲದ ಅಳತೆ ಅಳತೆಯಲ್ಲ ಸ್ವಾಮಿ,
ಅದೇ ಜಾಗಕ್ಕೆ ಮತ್ತೆ ಬರಬೇಕು, ಎಂದವನು.

ಅದೇ ಜಾಗಕ್ಕೆ ಬರುವುದು ಸುಲಭವಲ್ಲ.
ದೋಣಿ ಸರಿಯುತ್ತದೆ, ನೀರು ಎಳೆಯುತ್ತದೆ.
ದೇವಗಡದ ದೀಪಸ್ತಂಭ, ಗುಡ್ಡದ ತುದಿಯ ಬೋಳು ಮರ,
ಎರಡನ್ನೂ ಒಂದು ಗೆರೆಗೆ ತಂದು ನಿಲ್ಲಬೇಕು.
ಒಳಗೂ ಹಾಗೇ ಇರಬೇಕು, ಉಸಿರು ಸರಿದರೆ ಚುಕ್ಕೆಯೂ ಸರಿದೀತು.
ಅದಕ್ಕೇ ಯಂತ್ರ ಹಿಂದಿಯಲ್ಲಿ ಗದರುತ್ತದೆ:
ಸಾಂಸ್ ರೋಕಿಯೇ.
ರೋಕಿದೆ.
ಹದಿನಾರರ ಪ್ರಾಯದಲ್ಲಿ ಶಿನಾಣಿ ಕೀಳಲು
ಕೂರ್ಮಗಡದ ಬುಡಕ್ಕೆ ಮುಳುಗಿದ ಹಾಗೆ.
ಆಗ ಎಣಿಸುತ್ತಿದ್ದೆ, ನೂರರ ತನಕ.
ಈಗ ಹನ್ನೆರಡಕ್ಕೇ
ಬಿಡಿ, ಎನ್ನುತ್ತದೆ ದನಿ.
ಸ್ವಲ್ಪ ಅವಮಾನವೇ ಆಯಿತು.

ಆ ಆರು ತಿಂಗಳು ಹೇಗಿತ್ತೆಂದು ಹೇಳಲಾರೆ.
ಕೆಮ್ಮಿದರೆ ಹೀರಾ ಒಲೆ ಸಣ್ಣ ಮಾಡಿ ಕಿವಿಗೊಡುತ್ತಿದ್ದಳು.
ನಾನು ಬಚ್ಚಲಿಗೆ ಹೋಗಿ
ನಲ್ಲಿ ಬಿಟ್ಟು ಕೆಮ್ಮುವುದು ಕಲಿತೆ.

ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಒಮ್ಮೆ ಕೇಳಿದಳು:
"ನಿಮ್ಮ ನಕ್ಷೆಯಲ್ಲಾಗಿದ್ದರೆ ಇದಕ್ಕೆ ಏನು ಬರೆಯುತ್ತಿದ್ದಿರಿ?"
ಹಳೆಯ ನಕ್ಷೆಗಳಲ್ಲಿ ಇರುತ್ತದೆ,
ಯಾವನೋ ನಾವಿಕ ಕಂಡೆ ಎಂದ ಬಂಡೆ.
ಆಮೇಲೆ ಯಾರ ಗುಂಡಿಗೂ ತಾಗದ್ದು,
ಅಳಿಸಲು ಮಾತ್ರ ಯಾರಿಗೂ ಧೈರ್ಯ ಸಾಲದ್ದು.
ಪಕ್ಕದಲ್ಲಿ ಸಣ್ಣ ಅಕ್ಷರ:
ಇದೆಯೆಂದು ವರದಿ. ಕೆಳಗೆ ಇಸವಿ.
ಹಾಲಿನ ಲೆಕ್ಕ ಬರೆಯುವ ಪೆನ್ಸಿಲ್ ತಂದು
ಲಕೋಟೆಯ ಮೇಲೆ ಹಾಗೆಯೇ ಬರೆದಳು.

ಎರಡು ವರ್ಷ ತುಂಬಿದಾಗ ಡಾಕ್ಟರು
ಮೂರೂ ಚಿತ್ರ ಸಾಲಾಗಿ ಇಟ್ಟರು. ಏಳು, ಏಳು, ಏಳು.
"ಬೆಳೆದಿಲ್ಲ. ಇನ್ನು ನೀವು ಬರಬೇಕಾಗಿಲ್ಲ."

ಹೀರಾ ಆಸ್ಪತ್ರೆಯ ಮೆಟ್ಟಿಲಲ್ಲೇ ಕೂತು ಅತ್ತಳು.
ಆಮೇಲೆ ಮೀನು ಪೇಟೆಗೆ ನಡೆದು
ಚೌಕಾಸಿ ಇಲ್ಲದೆ ಇಸ್ವಣ ಕೊಂಡಳು, ಜೀವಮಾನದಲ್ಲಿ ಮೊದಲ ಸಲ.
ನನಗೆ ನೆನಪಾದದ್ದು
ನಿವೃತ್ತಿಯ ಮರುದಿನ:
ಭರತ ತುಂಬಿತ್ತು, ಧಕ್ಕೆಯ ಮೇಲೆ ನಿಂತಿದ್ದೆ,
ನೀರು ಎಷ್ಟಿದೆ ಎಂದು ಯಾರೂ ಕೇಳಲಿಲ್ಲ.

ರಾತ್ರಿ, ದೀಪ ಆರಿಸಿದ ಮೇಲೆ, ಉಸಿರು ಹಿಡಿದೆ, ಸುಮ್ಮನೆ.
ಮೂವತ್ತೊಂಬತ್ತು, ನಲವತ್ತು, ನಲವತ್ತೊಂದು.
ಪಕ್ಕದಿಂದ ಹೀರಾ:
"ಬಿಡಿ."